ಗಲ್ಫಿನಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆಯ ಬಿಲ್ಲು ಯಾರ ತಲೆಗೆ?

ಕಾಸರಗೋಡು: ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಭಾಗಗಳಲ್ಲಿ ಗಲ್ಫಿನ ನಂಟಿಲ್ಲದ ಊರು ಸಿಗುವುದು ಕಷ್ಟ. ಅಲ್ಲಿನ ಸಂಬಳ, ವೀಸಾ, ವಿಮಾನ ಟಿಕೆಟಿನ ದರ ಇಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಅಲ್ಲಿ ಕಾಯಿಲೆ ಬಿದ್ದರೆ ಖರ್ಚು ಯಾರು ಕೊಡುತ್ತಾರೆ ಎಂಬುದು ಹೆಚ್ಚಿನವರಿಗೆ ಗೊತ್ತಾಗುವುದು ಆಸ್ಪತ್ರೆ ಸೇರಿದ ಮೇಲೆಯೇ. ಹತ್ತು ವರ್ಷ ದುಡಿದು ಉಳಿಸಿದ್ದು ಕೆಲವೇ ದಿನಗಳ ಐಸಿಯು ವಾಸದಲ್ಲಿ ಕರಗಿಹೋಗಬಹುದು. ಗಲ್ಫಿನಲ್ಲಿರುವವರೂ ಹೊರಟು ನಿಂತವರೂ ತಿಳಿದಿರಬೇಕಾದ ಮುಖ್ಯ ವಿಷಯಗಳು ಇಲ್ಲಿವೆ.

ಚಿಕಿತ್ಸೆಯ ಗುಣಮಟ್ಟ

ಗಲ್ಫಿನ ದೊಡ್ಡ ಆಸ್ಪತ್ರೆಗಳ ಗುಣಮಟ್ಟದ ಬಗ್ಗೆ ಹೆಚ್ಚಿನ ದೂರಿಲ್ಲ. ಸರಕಾರದ ಆರೋಗ್ಯ ಪ್ರಾಧಿಕಾರದ ಪರವಾನಗಿ ಇಲ್ಲದೆ ಅಲ್ಲಿ ವೈದ್ಯರಾಗಲಿ ದಾದಿಯರಾಗಲಿ ಕೆಲಸ ಮಾಡುವಂತಿಲ್ಲ. ಅಪಘಾತದ ತುರ್ತು ಚಿಕಿತ್ಸೆಗೆ ದುಬಾಯಿಯ ಸರಕಾರಿ ರಶೀದ್ ಆಸ್ಪತ್ರೆ ಹೆಸರುವಾಸಿ. ಖಾಸಗಿ ಆಸ್ಪತ್ರೆಗಳನ್ನು ಬೆಳೆಸಿದವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ. ಉಡುಪಿ ಕಡೆಯ ಬಿ.ಆರ್. ಶೆಟ್ಟಿ 1975ರಲ್ಲಿ ಅಬುಧಾಬಿಯಲ್ಲಿ ಎನ್‌ಎಂಸಿ ಆರಂಭಿಸಿದರು. ಕೇರಳದ ಡಾ. ಆಜಾದ್ ಮೂಪನ್ 1987ರಲ್ಲಿ ದುಬಾಯಿಯಲ್ಲಿ ಒಂದು ಕ್ಲಿನಿಕ್ಕಿನಿಂದ ಆಸ್ಟರ್ ಸಂಸ್ಥೆಯನ್ನು ಕಟ್ಟಿದರು. ಮಂಗಳೂರು ಮೂಲದ ತುಂಬೆ ಮೊಯ್ದೀನ್ 1998ರಲ್ಲಿ ಅಜ್ಮಾನಿನಲ್ಲಿ ವೈದ್ಯಕೀಯ ಕಾಲೇಜು ತೆರೆದರು. 2020ರಲ್ಲಿ ಸಾಲದ ಸುಳಿಗೆ ಸಿಕ್ಕಿದ ಎನ್‌ಎಂಸಿಯ ಆಡಳಿತ ಬೇರೆಯವರ ಕೈ ಸೇರಿತಾದರೂ ಆಸ್ಪತ್ರೆಗಳು ಮುಚ್ಚಲಿಲ್ಲ. ಮಲಯಾಳ, ಹಿಂದಿ ಬಲ್ಲ ಸಿಬ್ಬಂದಿ ಧಾರಾಳ ಇರುವುದರಿಂದ ನಮ್ಮವರಿಗೆ ಭಾಷೆಯ ತೊಂದರೆಯೂ ಕಡಿಮೆ.

ತೊಂದರೆ ಇರುವುದು ಬೇರೆ ಕಡೆ. ಒಳ್ಳೆಯ ಆಸ್ಪತ್ರೆ ಊರಲ್ಲಿದ್ದರೆ ಸಾಲದು, ಕೈಯಲ್ಲಿರುವ ವಿಮಾ ಕಾರ್ಡು ಅಲ್ಲಿ ನಡೆಯಬೇಕು. ಕಡಿಮೆ ಸಂಬಳದವರಿಗೆ ಸಿಗುವ ಮೂಲ ಪಾಲಿಸಿ ಆಯ್ದ ಕ್ಲಿನಿಕ್‌ಗಳಲ್ಲಿ ಮಾತ್ರ ಸಲ್ಲುತ್ತದೆ.

ಯುಎಇಯಲ್ಲಿ

ಅಬುಧಾಬಿಯಲ್ಲಿ 2006ರಿಂದ ಆರೋಗ್ಯ ವಿಮೆ ಕಡ್ಡಾಯವಾಗತೊಡಗಿತು. ದುಬಾಯಿಯಲ್ಲಿ 2013ರ ಕಾನೂನು ಹಂತ ಹಂತವಾಗಿ ಜಾರಿಯಾಯಿತು. ಶಾರ್ಜಾ, ಅಜ್ಮಾನ್, ರಾಸ್ ಅಲ್ ಖೈಮಾ, ಫುಜೈರಾ, ಉಮ್ಮುಲ್ ಕುವೈನ್‌ಗಳಲ್ಲಿ 2025ರ ಜನವರಿ 1ರಿಂದ ಈ ನಿಯಮ ಬಂದಿದೆ. ಅಲ್ಲಿನ ಮೂಲ ಪಾಲಿಸಿಗೆ ವರ್ಷಕ್ಕೆ 320 ದಿರ್ಹಂ. ನೌಕರನ ಪಾಲಿಸಿಯ ಹಣ ಕಟ್ಟಬೇಕಾದವನು ಮಾಲೀಕ. ಅದನ್ನು ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ.

ವಿಮೆ ಇದ್ದರೂ ರೋಗಿಯ ಪಾಲು ಇದ್ದೇ ಇರುತ್ತದೆ. ಈ 320 ದಿರ್ಹಂ ಪಾಲಿಸಿಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಶೇ. 20 ರೋಗಿಯೇ ಕೊಡಬೇಕು. ಆದರೆ ಒಂದು ಸಲಕ್ಕೆ 500, ವರ್ಷಕ್ಕೆ 1,000 ದಿರ್ಹಂಗಿಂತ ಹೆಚ್ಚು ಕೊಡಬೇಕಿಲ್ಲ. ಹೊರರೋಗಿಯಾದರೆ ಶೇ. 25, ಗರಿಷ್ಠ 100 ದಿರ್ಹಂ. ಔಷಧಿಗೆ ಶೇ. 30. ದುಬಾಯಿಯ ಮೂಲ ಪಾಲಿಸಿಯ ವಾರ್ಷಿಕ ಮಿತಿ 1,50,000 ದಿರ್ಹಂ. ಹೃದಯ ಶಸ್ತ್ರಚಿಕಿತ್ಸೆ, ದೀರ್ಘ ಐಸಿಯು ವಾಸ ಎದುರಾದರೆ ಇಂಥ ಮಿತಿ ಬೇಗ ಮುಗಿಯುತ್ತದೆ.

ಸೌದಿ ಮತ್ತು ಇತರ ಕಡೆ

ಸೌದಿ ಅರೇಬಿಯಾದಲ್ಲಿ ಸಹಕಾರಿ ಆರೋಗ್ಯ ವಿಮಾ ಕಾನೂನು 1999ರದ್ದು. ಖಾಸಗಿ ಸಂಸ್ಥೆಯ ಮಾಲೀಕನು ನೌಕರನಿಗೂ ಅವನ ಜೊತೆಗಿರುವ ಕುಟುಂಬಕ್ಕೂ ವಿಮೆ ಮಾಡಿಸಬೇಕು. 2022ರಲ್ಲಿ ಪಾಲಿಸಿಯ ವಾರ್ಷಿಕ ಮಿತಿಯನ್ನು 5 ಲಕ್ಷದಿಂದ 10 ಲಕ್ಷ ರಿಯಾಲಿಗೆ ಏರಿಸಲಾಯಿತು. ಕುವೈತಿನಲ್ಲಿ ನಿವಾಸ ಪರವಾನಗಿ ನವೀಕರಿಸುವಾಗ ಆರೋಗ್ಯ ವಿಮೆಯ ಶುಲ್ಕವನ್ನೂ ಕಟ್ಟಬೇಕು. ಕತಾರಿನಲ್ಲಿ ಸಂದರ್ಶಕರಿಗೂ 2023ರ ಫೆಬ್ರವರಿ 1ರಿಂದ ವಿಮೆ ಕಡ್ಡಾಯ; ತಿಂಗಳಿಗೆ 50 ರಿಯಾಲಿನ ಈ ಪಾಲಿಸಿ ಅಪಘಾತ, ತುರ್ತು ಚಿಕಿತ್ಸೆಗಷ್ಟೇ ಸೀಮಿತ.

ಅತ್ಯಂತ ಅಪಾಯದಲ್ಲಿರುವವರು ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕುವವರು ಮತ್ತು ವೀಸಾ ಅವಧಿ ಮುಗಿದ ಮೇಲೂ ಅಲ್ಲೇ ಉಳಿದವರು. ಇವರಿಗೆ ಮಾಲೀಕನೂ ಇಲ್ಲ, ಮಾಲೀಕನು ಮಾಡಿಸಿದ ವಿಮೆಯೂ ಇಲ್ಲ. ಮಗನ ಮನೆಗೆಂದು ಹೋಗುವ ವಯಸ್ಸಾದ ತಂದೆತಾಯಿಯರ ಪ್ರವಾಸ ವಿಮೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯಂಥ ಹಳೆಯ ರೋಗಗಳು ಸೇರಿವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಕೆಲಸದಲ್ಲಿ ಗಾಯವಾದರೆ

ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸದಲ್ಲಾದ ಗಾಯದ ಚಿಕಿತ್ಸೆ ಪೂರ್ತಿ ಮಾಲೀಕನ ಹೊಣೆ. ಚಿಕಿತ್ಸೆಯ ಅವಧಿಯಲ್ಲಿ ಮೊದಲ 6 ತಿಂಗಳು ಪೂರ್ಣ ಸಂಬಳ, ಬಳಿಕ 6 ತಿಂಗಳು ಅರ್ಧ ಸಂಬಳ ಸಿಗಬೇಕು. ಸಾಮಾನ್ಯ ಕಾಯಿಲೆಯಾದರೆ, ಪ್ರೊಬೇಶನ್ ಮುಗಿಸಿದವರಿಗೆ ವರ್ಷಕ್ಕೆ 90 ದಿನ ರಜೆ: 15 ದಿನ ಪೂರ್ಣ ಸಂಬಳ, 30 ದಿನ ಅರ್ಧ, ಉಳಿದ 45 ದಿನ ಸಂಬಳವಿಲ್ಲ. ಬಿದ್ದದ್ದು, ಕೈ ಸಿಕ್ಕಿಹಾಕಿಕೊಂಡದ್ದು ಕೆಲಸದ ಜಾಗದಲ್ಲೇ ಎಂದು ಆಸ್ಪತ್ರೆಯ ದಾಖಲೆಯಲ್ಲಿ ಬರೆಸಲು ಮರೆಯಬಾರದು. ಮುಂದೆ ಪರಿಹಾರ ಕೇಳುವಾಗ ಆಧಾರವಾಗುವುದು ಆ ಕಾಗದವೇ.

ಊರಿನ ಕಡೆಯಿಂದ ನೆರವು

ಇಸಿಆರ್ ಪಾಸ್‌ಪೋರ್ಟಿನಲ್ಲಿ ಕೆಲಸಕ್ಕೆ ಹೋಗುವವರಿಗೆ ಕೇಂದ್ರ ಸರಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಮತ್ತು ತೆರಿಗೆ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ಆಸ್ಪತ್ರೆ ಖರ್ಚಿಗೆ ಸಿಗುವುದು 1 ಲಕ್ಷದವರೆಗೆ ಮಾತ್ರ. ತೀರಾ ಸಂಕಷ್ಟಕ್ಕೆ ಸಿಲುಕಿದವರಿಗೆ 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ರಾಯಭಾರ ಕಚೇರಿ ತುರ್ತು ಚಿಕಿತ್ಸೆಗೂ ಮೃತದೇಹ ಊರಿಗೆ ಕಳುಹಿಸಲೂ ನೆರವಾಗಬಹುದು.

ಕಾಸರಗೋಡಿನವರು ಕನ್ನಡಿಗರಾದರೂ ಕೇರಳದ ನಿವಾಸಿಗಳಾದ್ದರಿಂದ ಅವರಿಗೆ ಸಲ್ಲುವುದು ಕೇರಳದ ನೋರ್ಕಾ ಯೋಜನೆಗಳು. 2025ರಲ್ಲಿ ಆರಂಭವಾದ ನೋರ್ಕಾ ಕೇರ್‌ನಲ್ಲಿ 5 ಲಕ್ಷ ರೂಪಾಯಿಯ ಆರೋಗ್ಯ ವಿಮೆ, 10 ಲಕ್ಷದ ಅಪಘಾತ ವಿಮೆ ಇದೆ. ಇದರ ನಗದುರಹಿತ ಚಿಕಿತ್ಸೆ ಭಾರತದ ಆಸ್ಪತ್ರೆಗಳಲ್ಲಿ. ಗಲ್ಫಿನ ಬಿಲ್ಲಿಗೆ ಇದು ಬದಲಿಯಲ್ಲ. ರಜೆಯಲ್ಲಿ ಬಂದಾಗ ಮಂಗಳೂರಿಗೆ ಹೋಗುವವರು ತಮ್ಮ ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಮರಳಿ ಬಂದ ಬಡ ಪ್ರವಾಸಿಗಳಿಗೆ ಸಾಂತ್ವನ ಯೋಜನೆಯಡಿ ಚಿಕಿತ್ಸೆಗೆ 50,000 ರೂಪಾಯಿವರೆಗೆ ಸಹಾಯವಿದೆ. ನೋರ್ಕಾದ ಉಚಿತ ದೂರವಾಣಿ: 1800 425 3939.

ಗಮನದಲ್ಲಿರಲಿ

* ಹೊರಡುವ ಮೊದಲು ಕೆಲಸದ ಕರಾರಿನಲ್ಲಿ ವಿಮೆಯ ಮಾತಿದೆಯೇ ನೋಡಿ.
* ಕಾರ್ಡು ಸಿಕ್ಕಿದ ದಿನವೇ ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತದೆ, ಮಿತಿ ಎಷ್ಟು, ಹಳೆಯ ಕಾಯಿಲೆಗೆ ಎಷ್ಟು ತಿಂಗಳು ಕಾಯಬೇಕು ಎಂದು ಕೇಳಿ. ಕಾರ್ಡಿನ ಪ್ರತಿ ಮನೆಯವರಲ್ಲೂ ಇರಲಿ.
* ಕೆಲಸ ಬದಲಿಸುವಾಗ ಹಳೆಯ ವಿಮೆ ಮುಗಿದು ಹೊಸದು ಆರಂಭವಾಗುವವರೆಗಿನ ದಿನಗಳ ಬಗ್ಗೆ ಎಚ್ಚರ.
* ಆಂಬುಲೆನ್ಸ್: ಯುಎಇ 998, ಸೌದಿ 997, ಕತಾರ್ ಮತ್ತು ಬಹರೈನ್ 999, ಕುವೈತ್ 112, ಒಮಾನ್ 9999.
* ಎದೆನೋವು, ವಿಪರೀತ ಸುಸ್ತು ಕಂಡರೆ ‘ರಜೆಗೆ ಊರಿಗೆ ಹೋದಾಗ ನೋಡಿದರಾಯಿತು’ ಎಂದು ಮುಂದೂಡಬೇಡಿ. ಪಾಲಿಸಿ ಇದ್ದವರು ಕೊಡಬೇಕಾದ ಪಾಲು ಕೆಲವು ನೂರು ದಿರ್ಹಂ ಇರಬಹುದು. ತಡಮಾಡಿದರೆ ತೆರಬೇಕಾದ ಬೆಲೆಗೆ ಯಾವ ಪಾಲಿಸಿಯಲ್ಲೂ ಪರಿಹಾರವಿಲ್ಲ.