ತಂಬಾಕಿನ ಸೀಮೆಯಲ್ಲಿ ಕತೆ ಓದುವವರು, ಕೇಳುವವರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಸೀಮೆಯ ಸಾಹಿತ್ಯ ಚರಿತ್ರೆ ಬರೆಯುವವರು ಪುಸ್ತಕ ಬರೆದವರ ಹೆಸರು ಎಣಿಸಿ ಕೈ ತೊಳೆದುಕೊಳ್ಳುತ್ತಾರೆ. ಆ ಪುಸ್ತಕ ಯಾರ ಕೈ ಸೇರಿತು, ಓದಾಕ ಬಾರದವರ ಕಿವಿಗೆ ಬಿತ್ತೋ ಇಲ್ಲವೋ ಎಂದು ಕೇಳುವವರು ಕಡಿಮೆ. ನಮ್ಮ ಭಾಗದ ಕತೆಗಾರನೊಬ್ಬ ಊರ ಗ್ರಂಥಾಲಯದಲ್ಲಿ ಕತೆ ಓದಲು ನಿಂತರೆ ಎದುರಿಗೆ ಯಾರು ಕೂತಿರುತ್ತಾರೆ? ಯಾರು ಬಂದಿರುವುದಿಲ್ಲ? ಇದು ಚರಿತ್ರೆಯ ಪ್ರಶ್ನೆ.

ಗಟ್ಟಿಯಾಗಿ ಓದುವುದು ನಮಗೆ ಹೊಸದಲ್ಲ. ಶ್ರಾವಣ ಬಂತಂದರ ಮಠದಾಗ ಪುರಾಣ ಹಚ್ಚತಾರ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ಮಂದಿ ತಲೆದೂಗುತ್ತದೆ. ಆದರೆ ಆ ಮಂದಿ ಕೂತಿದ್ದ ರೀತಿಯನ್ನು ನೆನೆಯಿರಿ. ಕಟ್ಟೆಯ ಮೇಲೆ ಯಾರು? ಅಂಗಳದಲ್ಲಿ ಯಾರು? ಅಂಗಳದಾಚೆ ಕತ್ತಲಲ್ಲಿ ನಿಂತು ಕೇಳಿದವರು ಯಾರು? ಕತೆ ಎಲ್ಲರದೂ ಆಗಿತ್ತು. ಕೂರುವ ಜಾಗ ಮಾತ್ರ ಎಲ್ಲರದಾಗಿರಲಿಲ್ಲ.

ಇತ್ತ ಕೇರಿಯಲ್ಲಿ ಜೋಗತಿಯರು ಚೌಡಿಕೆ ಹಿಡಿದು ಎಲ್ಲಮ್ಮನ ಕತೆ ನಡೆಸಿದರು. ಅಕ್ಷರ ಕಾಣದ ಹೆಣ್ಣುಮಕ್ಕಳು ರಾತ್ರಿಯಿಡೀ ಕೇಳುಗರನ್ನು ಹಿಡಿದು ಕೂರಿಸಿದರು. ಹೆಣ್ಣನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿತು. ಸರಿ. ಆದರೆ ಆ ಹೆಣ್ಣುಮಕ್ಕಳು ಕಟ್ಟಿದ ಕತೆಗಳಿಗೆ ಯಾವ ಕಪಾಟಿನಲ್ಲಿ ಜಾಗ ಸಿಕ್ಕಿತು?

ಗ್ರಂಥಾಲಯವೆಂಬುದು ನಮಗೆ ಯಾರೋ ದಯಪಾಲಿಸಿದ ವಸ್ತುವಲ್ಲ, ಕೇಳಿ ಪಡೆದದ್ದು. 1924ರ ಜುಲೈನಲ್ಲಿ ಮುಂಬೈಯಲ್ಲಿ ಬಾಬಾಸಾಹೇಬ ಅಂಬೇಡ್ಕರರು ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದರು. ಬಹಿಷ್ಕೃತ ಸಮಾಜದ ಮಕ್ಕಳಿಗೆ ವಸತಿನಿಲಯ ತೆರೆಯುವುದರ ಜೊತೆಗೆ ಗ್ರಂಥಾಲಯ ತೆರೆಯುವುದು, ಅಧ್ಯಯನ ಕೂಟ ನಡೆಸುವುದು ಆ ಸಭೆಯ ಲಿಖಿತ ಉದ್ದೇಶಗಳಾಗಿದ್ದವು. ಮರುವರ್ಷ, 1925ರ ಏಪ್ರಿಲ್‌ನಲ್ಲಿ, ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತು ನಮ್ಮ ನಿಪ್ಪಾಣಿಯಲ್ಲೇ ನೆರೆಯಿತು. ಅಂಬೇಡ್ಕರರು ಬಂದು ಮಾತಾಡಿದರು. ಮಹಾಡದ ಚೌಡಾರ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಅಂದರೆ ಕೆರೆಯ ಮೆಟ್ಟಿಲು ಇಳಿಯುವ ಮೊದಲೇ ಪುಸ್ತಕದ ಕೋಣೆಯ ಬಾಗಿಲು ತೆಗೆಯಬೇಕೆಂಬ ಮಾತು ಕಾಗದದ ಮೇಲೆ ಬಂದಿತ್ತು. ನೀರಿನ ಹಕ್ಕು, ಓದಿನ ಹಕ್ಕು ಒಂದೇ ಬಳ್ಳಿಯವು.

ರಾಯಬಾಗದ ಕತೆ ಬೇರೆ. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದರೆ ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ, ಕಡ್ಡಾಯ ಮಾಡಿದರು. 1919ರಲ್ಲಿ ಶಾಲೆಯಲ್ಲಿ, ಸಾರ್ವಜನಿಕ ಕಟ್ಟಡದಲ್ಲಿ ಮುಟ್ಟು-ಮೈಲಿಗೆ ನೋಡಬಾರದೆಂದು ಆಜ್ಞೆ ಹೊರಡಿಸಿದರು. ಅದೇ ಸಂಸ್ಥಾನ 1945ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾನೂನು ಮಾಡಿತು. ದೇಶದಲ್ಲೇ ಇಂಥ ಮೊದಲ ಕಾನೂನು ಅದು. ನಮ್ಮ ರಾಜ್ಯದ ಕಾನೂನು ಬಂದದ್ದು 1965ರಲ್ಲಿ. ಅದರ ಪ್ರಕಾರ ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಮೇಲೆ 6 ಪೈಸೆ ಗ್ರಂಥಾಲಯ ಕರ ಬೀಳುತ್ತದೆ. ಕೇರಿಯ ತಗಡಿನ ಮನೆಯ ತೆರಿಗೆಯಲ್ಲೂ ಈ ಪಾಲು ಇದೆ. ಅಂದಮ್ಯಾಲೆ ಗ್ರಂಥಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅಂಜಿ ನಿಲ್ಲುವುದು ಯಾಕ? ಆ ಕುರ್ಚಿಗೆ ನಾವೂ ರೊಕ್ಕ ಕೊಟ್ಟೇವಿ.

ಇನ್ನು ಕತೆಗಾರರ ವಿಚಾರ. ಈಗ ಕಾಗವಾಡ ತಾಲ್ಲೂಕಿಗೆ ಸೇರಿದ ಶೇಡಬಾಳದವರು ಮಿರ್ಜಿ ಅಣ್ಣಾರಾಯರು (1918–1975). ಶಾಲಾ ಮಾಸ್ತರರು, ಕಾದಂಬರಿಕಾರರು. ಅವರ ‘ನಿಸರ್ಗ’ದಲ್ಲಿ ಈ ಗಡಿ ಸೀಮೆಯ ಜೈನ ಒಕ್ಕಲು ಮನೆತನದ ಬದುಕು ಈ ಸೀಮೆಯ ಆಡುಮಾತಿನಲ್ಲೇ ಬಂತು. ಪುಸ್ತಕದ ಕನ್ನಡವೆಂದರೆ ಮೈಸೂರಿನದೋ ಧಾರವಾಡದ್ದೋ ಎಂದುಕೊಂಡಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ನಾಲಿಗೆಗೂ ಅಚ್ಚಿನ ಮೊಳೆ ಸಿಕ್ಕಿತು. ಹಳ್ಳಿಯ ಮಾಸ್ತರರು ಇಂಥ ಪುಸ್ತಕವನ್ನು ಕಟ್ಟೆಯ ಮೇಲೆ ಕೂತು ಓದಿದರೆ ಅರ್ಥ ಹೇಳಲು ಇನ್ನೊಬ್ಬರು ಬೇಕಾಗಿಲ್ಲ. ಹಾಗೆಂದು ಅಲ್ಲಿಗೇ ನಿಲ್ಲುವಂತಿಲ್ಲ. ಒಕ್ಕಲುಮನೆಯ ಕತೆ ಬಂತು. ಆ ಹೊಲದ ಬದುವಿನ ಮೇಲೆ ನಿಂತ ಆಳುಮಗನ ಕತೆಯನ್ನು ಅವನ ಮಕ್ಕಳೇ ಬರೆಯಬೇಕು. ಕೆಲಸ ಮುಂದುವರಿಯುವುದೆಂದರೆ ಇದೇ.

ನಿಪ್ಪಾಣಿಯಲ್ಲಿ ಇನ್ನೊಬ್ಬರು ಬರೆದರು, ಮಹಾದೇವ ಮೋರೆ. ಹಿಟ್ಟಿನ ಗಿರಣಿ ನಡೆಸುತ್ತಲೇ ಬರೆದವರು. ಮೈಮೇಲೆ ಹಿಟ್ಟಿನ ಧೂಳು, ಎದುರಿಗೆ ಬೀಸಿಸಲು ಬಂದ ಮಂದಿ. ಡ್ರೈವರುಗಳು, ಗ್ಯಾರೇಜಿನ ಹುಡುಗರು, ತಂಬಾಕಿನ ಕೂಲಿಗಳು ಅವರ ಕತೆಯ ಜನ. ಬರೆದದ್ದು ಮರಾಠಿಯಲ್ಲಿ, 2024ರ ಆಗಸ್ಟಿನಲ್ಲಿ ತೀರಿಕೊಂಡರು. ಮರಾಠಿಯಲ್ಲಿ ಬರೆದರೆಂದು ಅವರನ್ನು ನಮ್ಮ ಲೆಕ್ಕದಿಂದ ಬಿಡಬೇಕೆ? 1956ರ ಗಡಿರೇಖೆ ಗ್ರಂಥಾಲಯದ ಕಪಾಟುಗಳ ನಡುವೆಯೂ ಎಳೆದ ಹಾಗಿದೆ. ಆದರೆ ತಂಬಾಕಿನ ವಖಾರಿಯಲ್ಲಿ ಹೆಣ್ಣುಮಕ್ಕಳು ಕನ್ನಡದಾಗ ನಕ್ಕು ಮರಾಠಿಯಾಗ ಬೈತಾರ. ಘಾಟಿಗೆ ಬರುವ ಕೆಮ್ಮು ಯಾವ ಭಾಷೆಯದು? ಗಡಿಯ ಹೆಸರಿನಲ್ಲಿ ಕಲ್ಲು ಎಸೆಯುವವರು ಇದಕ್ಕೆ ಉತ್ತರ ಹೇಳಲಿ.

ಗೆಳೆಯರೇ, ತಂಬಾಕಿಗೂ ಕತೆಗೂ ಜಗತ್ತಿನಲ್ಲಿ ಹಳೆಯ ನಂಟು. ಕ್ಯೂಬಾದ ಹವಾನಾದಲ್ಲಿ 1865ರಲ್ಲಿ ಚುಟ್ಟ ಸುತ್ತುವ ಕೆಲಸಗಾರರು ತಮ್ಮ ಕೂಲಿಯಿಂದ ವಂತಿಗೆ ಎತ್ತಿ, ಕೆಲಸ ನಡೆಯುವಾಗ ಪತ್ರಿಕೆ, ಕಾದಂಬರಿ ಓದಲು ಒಬ್ಬನನ್ನು ಇಟ್ಟುಕೊಂಡರು. ಮರುವರ್ಷವೇ ಸರ್ಕಾರ ಅದನ್ನು ನಿಷೇಧಿಸಿತು. ಕೈ ದುಡಿಯಲಿ, ಕಿವಿ ಮುಚ್ಚಿರಲಿ ಎಂಬುದು ಎಲ್ಲ ಧಣಿಗಳ ಆಸೆ! ಕೇರಳದ ಕಣ್ಣೂರಿನಲ್ಲಿ ಬೀಡಿ ಕಾರ್ಮಿಕರು ಇದೇ ಪದ್ಧತಿ ಇಟ್ಟುಕೊಂಡರು. 1969ರಲ್ಲಿ ಅವರೇ ಕಟ್ಟಿದ ದಿನೇಶ್ ಬೀಡಿ ಸಹಕಾರಿಯಲ್ಲಿ ಒಬ್ಬರು ಓದುತ್ತಿದ್ದರೆ ಉಳಿದವರು ಬೀಡಿ ಕಟ್ಟುತ್ತಾ ಕೇಳುತ್ತಿದ್ದರು.

ನಿಪ್ಪಾಣಿಯ ಹೆಣ್ಣುಮಕ್ಕಳಿಗೆ ಆ ಓದು ಸಿಗಲಿಲ್ಲ, ಆದರೆ ತಮ್ಮ ಕತೆ ತಾವೇ ಹೇಳುವುದನ್ನು ಅವರು ಕಲಿತರು. ಅವರು ಸಂಘ ಕಟ್ಟಿದರು. 1981ರಲ್ಲಿ ತಂಬಾಕಿಗೆ ಬೆಲೆ ಕೇಳಿ ರಸ್ತೆ ತಡೆದ ರೈತರು ಗೋಲಿಬಾರಿನಲ್ಲಿ ಸತ್ತದ್ದೂ ಇದೇ ನೆಲದಲ್ಲಿ. 1982ರಲ್ಲಿ ಯುಗಾಂತರ್ ಎಂಬ ಮಹಿಳೆಯರ ತಂಡ, ದೀಪಾ ಧನರಾಜ್ ಅವರ ನಿರ್ದೇಶನದಲ್ಲಿ, ಈ ತಂಬಾಕು ಕೆಲಸದವರ ಜೊತೆಗೂಡಿಯೇ ಮರಾಠಿ ಚಿತ್ರವೊಂದನ್ನು ತೆಗೆಯಿತು. ತಮ್ಮ ಬಾಯಿಂದ ತಮ್ಮ ಬದುಕು ಹೊರಬಿದ್ದಾಗ ಅದಕ್ಕೆ ಎಂಥ ಕಾವು ಇರುತ್ತದೆಂದು ಅದು ತೋರಿಸಿತು.

ಕೇಳುವವರಿಗೆ ಏನು ಗೊತ್ತು ಎನ್ನುವ ಪಂಡಿತರಿಗೆ ಒಂದು ಮಾತು. ನಮ್ಮವ್ವ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದವಳು. ಬೀಡಿ ಕಟ್ಟುವವಳ ಮೇಲೆ ಬರೆದ ಕತೆಯೊಂದನ್ನು ಅವಳಿಗೆ ಓದಿದೆ. ಪೂರಾ ಕೇಳಿ, “ಚಲೋ ಐತಿ. ಆದ್ರ ಛಾಟ್ ಬೀಡಿ ಲೆಕ್ಕ ಎಲ್ಲೈತೋ?” ಅಂದಳು. ಚೆಕ್ ಮಾಡುವವನು ಸರಿಯಿಲ್ಲವೆಂದು ತೆಗೆದಿಡುವ, ಕೂಲಿ ಸಿಗದ ಬೀಡಿಗಳು ಅವು. ಇಡೀ ಶೋಷಣೆ ಅಡಗಿ ಕೂತಿರುವುದು ಆ ಲೆಕ್ಕದಲ್ಲಿ. ಕತೆಯಲ್ಲಿ ಅದೇ ಇರಲಿಲ್ಲ. ಇದಕ್ಕಿಂತ ದೊಡ್ಡ ವಿಮರ್ಶೆ ಯಾವ ವಿಶ್ವವಿದ್ಯಾಲಯದಲ್ಲಿ ಸಿಕ್ಕೀತು?

2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಆಮೇಲೆ ಅವುಗಳಿಗೆ ಅರಿವು ಕೇಂದ್ರ ಎಂದು ಹೆಸರಾಯಿತು. ಹೆಸರು ಚೆಂದ ಇದೆ. ಕೂಲಿಗೆ ಹೋದವರು ತಿರುಗಿ ಬರುವ ಹೊತ್ತಿಗೆ ಬಾಗಿಲಿಗೆ ಬೀಗ ಬಿದ್ದಿದ್ದರೆ ಆ ಅರಿವು ಯಾರಿಗೆ? ಕತೆಗಾರರು ಅಲ್ಲಿ ಓದಲಿ, ಆದರೆ ದೀಪ ಹಚ್ಚಿದ ಮೇಲೆ ಓದಲಿ. ಕನ್ನಡದ್ದೂ ಓದಲಿ, ಮರಾಠಿಯದ್ದೂ ಓದಲಿ. ವಾರಕ್ಕೊಮ್ಮೆ ಪುಸ್ತಕ ಹಿಡಿದು ಕೇರಿಗೆ, ವಖಾರಿಯ ಬಾಗಿಲಿಗೆ ಹೋಗಲಿ. ಓದಿ ಮುಗಿದ ಮೇಲೆ ಹಾರ-ಶಾಲು ಬ್ಯಾಡ. ಬರೆದವರು ಬಾಯಿ ಮುಚ್ಚಿ ಕೂತು ಕೇಳುವವರಿಗೆ ಮಾತಾಡಲು ಬಿಡಲಿ. ಹಳ್ಳಿಯ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಈ ಕೆಲಸಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಒಂದು ಪುಸ್ತಕ, ಒಂದು ದೀಪ, ಎಲ್ಲರೂ ಸಮನಾಗಿ ಕೂರುವ ಒಂದು ಚಾಪೆ ಸಾಕು.