ಎರಡು ಹಸು, ಒಂದು ಕುದುರೆ, ಎಷ್ಟು ಹುಲ್ಲು?

ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕಡೆ ಇರುವ ನಮ್ಮ ಕನ್ನಡದವರ ನಡುವೆ ಈಗ ಒಂದು ಕನಸು ಓಡಾಡ್ತಾ ಇದೆ. ಮುರಬಾಡ್ ಕಡೆಗೋ ಕರ್ಜತ್ ಕಡೆಗೋ ಒಂದೆರಡು ಎಕರೆ ತಗೊಳ್ಳೋದು, ಎರಡು ಹಸು ಕಟ್ಟೋದು, ಮಕ್ಕಳಿಗೆ ಅಂತ ಒಂದು ಕುದುರೆ ಸಾಕೋದು. ವಾರವಿಡೀ ಐರೋಳಿಯಲ್ಲಿ ಕೋಡ್, ಶನಿವಾರ ಭಾನುವಾರ ಕೊಟ್ಟಿಗೆ. ನಾನು ಮತ್ತು ನನ್ನ ಇಬ್ಬರು ಸಹೋದ್ಯೋಗಿಗಳೂ ಇದೇ ಯೋಚನೆಯಲ್ಲಿ ಇದ್ದೇವೆ. ಹತ್ತು ವರ್ಷದ ಉಳಿತಾಯ ಹಾಕೋದಾ ಬೇಡವಾ ಅಂತ ಈ ಮಳೆಗಾಲ ಮುಗಿಯೋದರೊಳಗೆ ತೀರ್ಮಾನ ಆಗಬೇಕು.

ನಮ್ಮ ಮಾತುಕತೆ ಯಾವಾಗಲೂ ಎರಡೇ ಪ್ರಶ್ನೆ ಸುತ್ತ ತಿರುಗುತ್ತದೆ: ಯಾವ ತಳಿ, ಎಷ್ಟು ಬೆಲೆ? ನಾನು ಇತಿಹಾಸ ಓದುವ ಚಟದವನು. ಇದೇ ನೆಲದಲ್ಲಿ, ನಮ್ಮ ಮೈಸೂರು ಸೀಮೆಯಲ್ಲಿ, ದನ ಮತ್ತು ಕುದುರೆ ಸಾಕಿದವರ ಕಥೆ ನೋಡಿದಾಗ ನನಗೆ ಮೂರನೇ ಪ್ರಶ್ನೆಯೇ ದೊಡ್ಡದಾಗಿ ಕಂಡಿತು. ವರ್ಷದ ಹನ್ನೆರಡು ತಿಂಗಳೂ ಹುಲ್ಲು ಎಲ್ಲಿಂದ ಬರುತ್ತೆ?

ಮೊದಲು ಠಾಣೆಯಿಂದಲೇ ಶುರು ಮಾಡೋಣ. 13ನೇ ಶತಮಾನದ ಕೊನೆಯಲ್ಲಿ ಬಂದ ಮಾರ್ಕೋ ಪೋಲೋ ಠಾಣೆಯ ರಾಜನ ಬಗ್ಗೆ ಒಂದು ವಿಚಿತ್ರ ಸಂಗತಿ ಬರೆದಿದ್ದಾನೆ. ಇಲ್ಲಿಂದ ಹೊರಡುವ ಕಡಲ್ಗಳ್ಳರಿಗೂ ರಾಜನಿಗೂ ಒಪ್ಪಂದ ಇತ್ತಂತೆ: ದೋಚಿದ ಹಡಗಿನಲ್ಲಿ ಸಿಕ್ಕ ಕುದುರೆಗಳೆಲ್ಲ ರಾಜನಿಗೆ, ಉಳಿದ ಮಾಲೆಲ್ಲ ಕಳ್ಳರಿಗೆ! ಯಾಕೆ? ರಾಜನ ಹತ್ತಿರ ತನ್ನದೇ ಕುದುರೆಗಳಿರಲಿಲ್ಲ, ಕಡಲ ಮೇಲೆ ಮಾತ್ರ ಸಾಲುಸಾಲಾಗಿ ಹೋಗ್ತಾ ಇದ್ದವು. ನಮ್ಮ ಕಡೆ ವೀರಗಲ್ಲುಗಳಲ್ಲಿ ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋದವರ ಜೊತೆ ಕಾದಾಡಿ ಸತ್ತವರ ಕಥೆ ಊರೂರಿಗೂ ಇದೆ. ಅಲ್ಲಿ ದನಕ್ಕೆ ಜಗಳ, ಇಲ್ಲಿ ಕುದುರೆಗೆ ದರೋಡೆ.

ಕೊಂಡರೂ ಕದ್ದರೂ ಕುದುರೆ ಬದುಕಬೇಕಲ್ಲ? ತಮಿಳು ಕರಾವಳಿಯ ರಾಜನೊಬ್ಬ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಿದ್ದ, ವರ್ಷದ ಕೊನೆಗೆ ನೂರೂ ಉಳಿಯುತ್ತಿರಲಿಲ್ಲ ಅಂತ ಪೋಲೋನೇ ಹೇಳ್ತಾನೆ. ಅವನು ಕೊಟ್ಟ ಕಾರಣಗಳು: ಸಾಕುವ ರೀತಿ ಗೊತ್ತಿಲ್ಲ, ಲಾಳ ಕಟ್ಟುವವರಿಲ್ಲ. ಕುದುರೆಗೆ ಬೇಯಿಸಿದ ಅನ್ನ ಮಾಂಸ ತಿನ್ನಿಸುತ್ತಿದ್ದರು ಅಂತಲೂ ಬರೆದಿದ್ದಾನೆ. ಸಂಖ್ಯೆಯಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಇರಬಹುದು, ಆದರೆ ದಿಕ್ಕು ಸ್ಪಷ್ಟ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ನ್ಯೂನಿಜ್, ತಾನೇ ಕುದುರೆ ವ್ಯಾಪಾರಿ, ಅರಸನು ವರ್ಷಕ್ಕೆ 13,000 ಹೊರ್ಮುಜ್ ಕುದುರೆ ಕೊಳ್ಳುತ್ತಿದ್ದ ಅಂತ ಬರೆದ. ಒಮ್ಮೆ ಕೊಂಡರೆ ಮುಗಿಯುವ ಖರ್ಚು ಅದಾಗಿರಲಿಲ್ಲ. ಪ್ರತಿ ವರ್ಷದ ಬಿಲ್ ಅದು.

ಹಾಗಾದರೆ ಯಾರಾದರೂ ಸರಿಯಾಗಿ ಮಾಡಿದರಾ? ಮಾಡಿದರು, ದನದ ವಿಷಯದಲ್ಲಿ, ನಮ್ಮ ಮೈಸೂರಿನಲ್ಲಿ. ಚಿಕ್ಕದೇವರಾಜ ಒಡೆಯರು (1672–1704) ಅರಮನೆಯ ಹಸುಗಳಿಗೆ ಅಂತ ಬೆಣ್ಣೆ ಚಾವಡಿ ಎಂಬ ಇಲಾಖೆಯನ್ನೇ ಮಾಡಿದರು. ಹೈದರ್ ಅಲಿ ಅದನ್ನು ಸೈನ್ಯದ ಬೆನ್ನೆಲುಬು ಮಾಡಿದ. ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದನಲ್ಲ, ಅದು ಈ ಎತ್ತುಗಳ ಬಲದಿಂದ. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಆ ತಳಿಗೂ ಅದೇ ಹೆಸರು ಉಳಿಯಿತು.

ಈ ವ್ಯವಸ್ಥೆಯ ಒಳಗುಟ್ಟು ಎತ್ತಿಗಿಂತ ಹೆಚ್ಚಾಗಿ ಕಾವಲಿನಲ್ಲಿತ್ತು. ಕಾವಲು ಅಂದರೆ ದನಕ್ಕೆಂದೇ ಕಾಯ್ದಿಟ್ಟ ಹುಲ್ಲುಗಾವಲು. ಅದನ್ನು ಮೂರು ಬಗೆ ಮಾಡಿದ್ದರು: ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಿಗೆಯ ಕಾವಲಲ್ಲಿ ನೀರು, ನೆರಳು ಇರಬೇಕು. ಋತು ಬದಲಾದ ಹಾಗೆ ಮಂದೆ ಒಂದರಿಂದ ಇನ್ನೊಂದಕ್ಕೆ ಹೋಗೋದು, ಬಿಟ್ಟ ಜಾಗದಲ್ಲಿ ಹುಲ್ಲು ಮತ್ತೆ ಚಿಗುರೋದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪಕ್ಕಾ ಲೋಡ್ ಬ್ಯಾಲೆನ್ಸಿಂಗ್.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ತಳಿ ಅದೇ, ಜಾಗ ಅದೇ, ನೋಡಿಕೊಳ್ಳುವುದು ಮಾತ್ರ ಸಡಿಲವಾಯಿತು, ಮಂದೆ ಕ್ಷೀಣಿಸಿತು. 1813ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿಯೊಬ್ಬನನ್ನು ಮೇಲ್ವಿಚಾರಣೆಗೆ ಹಾಕಿದಾಗ ಚೇತರಿಸಿತು. ಆಮೇಲೆ 1860ರಲ್ಲಿ ಖರ್ಚು ಉಳಿಸೋಣ ಅಂತ ಸರ್ಕಾರ ಇಲಾಖೆಯನ್ನೇ ಮುಚ್ಚಿ ಮಂದೆಗಳನ್ನು ಮಾರಿತು. ಆರೇ ವರ್ಷದಲ್ಲಿ, 1866ರಲ್ಲಿ, ಮತ್ತೆ ಶುರು ಮಾಡಬೇಕಾಯಿತು. ಮಾರೋದು ಒಂದು ದಿನದ ಕೆಲಸ, ಒಳ್ಳೆ ಮಂದೆ ಮತ್ತೆ ಕೂಡಿಸೋದು ತಲೆಮಾರಿನ ಕೆಲಸ.

ಕುದುರೆಗೂ ಇಂಥದ್ದೇ ಒಂದು ತಾಣ ಕುಣಿಗಲ್. ಟಿಪ್ಪುವಿನ ಅಶ್ವದಳದ ಕಾಲದಿಂದ ಕುದುರೆಗೆ ಹೆಸರಾದ ಆ ಫಾರಂ ಉಳಿದಿರುವುದಕ್ಕೆ ಸುಮಾರು 400 ಎಕರೆ ಒಟ್ಟಾಗಿ ಉಳಿದದ್ದೂ ಒಂದು ಕಾರಣ.

ಈಗ ವಾಪಸ್ ನಮ್ಮ ಠಾಣೆ ಜಿಲ್ಲೆಗೆ ಬನ್ನಿ. ಮುಂಬೈನಲ್ಲಿ 1874ರಿಂದ 1905ರವರೆಗೆ ಟ್ರಾಮ್ ಎಳೆದದ್ದು ಕುದುರೆಗಳು. ಹಾಲಿಗೆ ಊರೊಳಗೇ ಎಮ್ಮೆ ತಬೇಲಾಗಳು. ಅವನ್ನು ಹೊರಗೆ ಸಾಗಿಸೋಕೆ ಅಂತಲೇ 1949ರಲ್ಲಿ ಆರೆ ಮಿಲ್ಕ್ ಕಾಲೊನಿ ಬಂತು. ಅಷ್ಟು ಬಾಯಿಗೆ ಮೇವು ಕೊಟ್ಟ ಸೀಮೆಗಳಲ್ಲಿ ಠಾಣೆಯ ಹುಲ್ಲುಬಯಲೂ ಒಂದು. ಆ ಹುಲ್ಲು ಕೊಯ್ಯುತ್ತಿದ್ದವರು ವಾರ್ಲಿ ಆದಿವಾಸಿಗಳು, ಎಷ್ಟೋ ಕಡೆ ಬಿಟ್ಟಿಯಾಗಿ, ಇಲ್ಲವೇ ಪುಡಿಗಾಸಿಗೆ. 1945ರಲ್ಲಿ ಶಾಮರಾವ್ ಮತ್ತು ಗೋದಾವರಿ ಪರುಳೇಕರ್ ಮುಂದಾಳತ್ವದಲ್ಲಿ ಕಿಸಾನ್ ಸಭಾ ಒಂದು ಬೇಡಿಕೆ ಇಟ್ಟಿತು: 500 ಪೌಂಡ್ ಹುಲ್ಲು ಕೊಯ್ದರೆ ಎರಡೂವರೆ ರೂಪಾಯಿ. ಆ ಅಕ್ಟೋಬರ್‌ನಲ್ಲಿ ತಲವಾಡದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಐವರು ಸತ್ತರು. ಹುಲ್ಲು ಅಂದರೆ ತಾನಾಗಿ ಬೆಳೆಯೋದು, ಪುಕ್ಕಟೆ ಅಂತ ಅಂದುಕೊಳ್ಳೋರು ಈ ಘಟನೆ ನೆನಪಿಡಬೇಕು.

ಈಗ ನಮ್ಮ ಲೆಕ್ಕ. ಮಧ್ಯಮ ಗಾತ್ರದ ಹಸುವಿಗೆ ದಿನಕ್ಕೆ ಸುಮಾರು 8 ಕೆಜಿ ಒಣಮೇವಿನಷ್ಟು ಆಹಾರ ಬೇಕು, ಸಣ್ಣ ಕುದುರೆಗೆ 7 ಕೆಜಿ. ಎರಡು ಹಸು, ಒಂದು ಕುದುರೆ: ದಿನಕ್ಕೆ 23 ಕೆಜಿ. ಮುರಬಾಡ್‌ನಲ್ಲಿ ನಾಲ್ಕು ತಿಂಗಳು ಹಸಿರೇ ಹಸಿರು, ಒಪ್ಪಿದೆ. ಉಳಿದ 240 ದಿನಕ್ಕೆ 5,520 ಕೆಜಿ, ಅಂದರೆ ಐದೂವರೆ ಟನ್. ವಾರ್ಲಿಗಳ 500 ಪೌಂಡಿನ ಅಳತೆಯಲ್ಲಿ 24 ಪಾಲು. ಅಕ್ಟೋಬರ್‌ನಲ್ಲಿ ಮಳೆ ನಿಂತ ಕೂಡಲೇ ಯಾರೋ ಕೊಯ್ಯಬೇಕು, ಒಣಗಿಸಬೇಕು, ಬಣವೆ ಒಟ್ಟಬೇಕು. ಬೂಷ್ಟು ಹಿಡಿದ ಹುಲ್ಲು ತಿಂದರೆ ಕುದುರೆಗೆ ಹೊಟ್ಟೆಶೂಲೆ ಬರುತ್ತೆ, ಅದರಲ್ಲೇ ಸಾಯಲೂಬಹುದು. ಕೊಂಕಣದ ತೇವದಲ್ಲಿ ಬೂಷ್ಟು ತಡೆಯೋದೇ ದೊಡ್ಡ ಕೆಲಸ. ಭಾನುವಾರ ಮಾತ್ರ ಬರುವ ಯಜಮಾನನಿಂದ ಇದು ಆಗೋದಿಲ್ಲ. ಅಲ್ಲೇ ಇರುವ ಒಂದು ಮನೆಯವರಿಗೆ ವರ್ಷಪೂರ್ತಿ ಮರ್ಯಾದೆಯ ಸಂಬಳ ಕೊಡಬೇಕು.

ಹಾಗಾಗಿ ನಾನು ಗೆಳೆಯರ ಮುಂದೆ ಇಡುವ ಕ್ರಮ ಹೀಗಿದೆ. ಮೊದಲು ಕಾಗದಪತ್ರ: ಮಹಾರಾಷ್ಟ್ರದಲ್ಲಿ ರೈತರಲ್ಲದವರು ಕೃಷಿ ಜಮೀನು ಕೊಳ್ಳೋಕೆ 1948ರ ಗೇಣಿ ಕಾನೂನಿನ ನಿರ್ಬಂಧ ಇದೆ, ಅದನ್ನು ವಕೀಲರ ಹತ್ತಿರ ಬಿಡಿಸಿಕೊಳ್ಳಬೇಕು. ಆಮೇಲೆ ಒಂದು ಮಳೆಗಾಲ ಬರೀ ಹುಲ್ಲು ಬೆಳೆದು, ಒಣಗಿಸಿ, ಮುಂದಿನ ಮೇ ತಿಂಗಳವರೆಗೆ ಕೆಡದೆ ಉಳಿಯುತ್ತಾ ನೋಡೋದು. ಉಳಿದರೆ ಡಾಂಗಿ ಹಸು. ಸಹ್ಯಾದ್ರಿಯ ಜಡಿಮಳೆಗೆ ಒಗ್ಗಿದ ಇಲ್ಲಿನದೇ ತಳಿ ಅದು. ಮುರಬಾಡ್ ಹತ್ತಿರದ ಮ್ಹಸಾ ಜಾತ್ರೆಯಲ್ಲಿ ದನದ ಸಂತೆಯೇ ಕೂಡುತ್ತೆ. ಕುದುರೆ ಕೊನೆಗೆ, ಅದೂ ಲಾಳ ಕಟ್ಟುವವರು, ಪಶುವೈದ್ಯರು ಗೊತ್ತಾದ ಮೇಲೆ. ಅಲ್ಲಿವರೆಗೆ ಮಕ್ಕಳಿಗೆ ಮಾಥೇರಾನ್ ಇದೆ. ಖಾಸಗಿ ಮೋಟಾರು ವಾಹನ ನಿಷೇಧಿಸಿದ ಆ ಊರಲ್ಲಿ ಇವತ್ತಿಗೂ ಕುದುರೆ ಸವಾರಿ ಸಿಗುತ್ತೆ.

ಇನ್ನೊಂದು ಮಾತು. ಚಳ್ಳಕೆರೆಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ 2009ರ ಆಸುಪಾಸಿನಿಂದ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಐಐಎಸ್ಸಿಗೇ 1,500 ಎಕರೆ. ಎಂಟೆಕ್ ಮಾಡಿದ ನನಗೆ ಅಂಥ ಸಂಸ್ಥೆಗಳ ಬೆಲೆ ಗೊತ್ತು. ಆದರೆ ಗೋಡೆ ಎದ್ದ ಮೇಲೆ ಕುರಿ, ದನ ಹೊಡೆದುಕೊಂಡು ಬಂದ ಸುತ್ತಲಿನ ಊರಿನವರು ಆಚೆ ನಿಲ್ಲಬೇಕಾಯಿತು, ಅದೂ ಲೆಕ್ಕಕ್ಕೆ ಬರಬೇಕು. ಕಾಯುವವರಿಲ್ಲದ ಹುಲ್ಲುಗಾವಲು ನಕಾಶೆಯಲ್ಲಿ ಖಾಲಿ ಜಾಗ ಅಂತ ಕಾಣಿಸುತ್ತೆ. ನಾವು ಎರಡು ಎಕರೆ ಕೊಂಡು ಸುತ್ತ ತಂತಿಬೇಲಿ ಹಾಕುವಾಗಲೂ, ಅಲ್ಲಿ ಇಲ್ಲಿವರೆಗೆ ಯಾರ ದನ ಮೇಯುತ್ತಿತ್ತು ಅಂತ ಒಮ್ಮೆ ಕೇಳಿಯೇ ಮುಂದುವರಿಯಬೇಕು.

ನಿಮ್ಮ ಊರಿನ ಕಾವಲು, ಗೋಮಾಳಗಳು ಈಗ ಏನಾಗಿವೆ, ದಯವಿಟ್ಟು ಬರೆದು ತಿಳಿಸಿ.