ನಿರ್ವಹಿತ ಕೋಡ್‌ನಿಂದ ನೇಟಿವ್ ಫಂಕ್ಷನ್‌ಗಳನ್ನು ಕರೆಯುವಾಗ ಅನುಸರಿಸಬೇಕಾದ ಸುರಕ್ಷತಾ ಕ್ರಮಗಳು

ಪೀಠಿಕೆ

ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತಗೊಂಡ ನಂತರ ತಾಲ್ಲೂಕು ಕಛೇರಿಗಳ ದೈನಂದಿನ ಕಾರ್ಯವು ತಂತ್ರಾಂಶವನ್ನು ಅವಲಂಬಿಸಿದೆ. ಬೆರಳ ಗುರುತು ಸಾಧನ, ಸ್ಕ್ಯಾನರ್ ಮುಂತಾದವುಗಳ ತಯಾರಕರು ಸಾಮಾನ್ಯವಾಗಿ ಸಿ ಅಥವಾ ಸಿ++ ಭಾಷೆಯ ಡಿಎಲ್‌ಎಲ್ ಕಡತಗಳನ್ನು ಒದಗಿಸುತ್ತಾರೆ. 2002ರಲ್ಲಿ ಬಿಡುಗಡೆಯಾದ ಡಾಟ್‌ನೆಟ್ ವೇದಿಕೆಯ ತಂತ್ರಾಂಶಗಳು ಇವುಗಳನ್ನು ‘ಪ್ಲಾಟ್‌ಫಾರ್ಮ್ ಇನ್ವೋಕ್’ ವಿಧಾನದಿಂದ ಕರೆಯುತ್ತವೆ.

ನಿರ್ವಹಿತ ಕೋಡ್‌ನಲ್ಲಿ ಮೆಮೊರಿಯ ಮಿತಿಯನ್ನು ರನ್‌ಟೈಮ್ ಕಾಯುತ್ತದೆ. ನೇಟಿವ್ ಫಂಕ್ಷನ್‌ನೊಳಗೆ ಆ ಕಾವಲು ಇರುವುದಿಲ್ಲ. ಆದ್ದರಿಂದ ಅಳತೆ, ಲಿಪಿ ಹಾಗೂ ಕಡತದ ಸ್ಥಳವನ್ನು ಸರಿಯಾಗಿ ಘೋಷಿಸುವ ಹೊಣೆ ಕರೆಯುವವರದೇ ಆಗಿರುತ್ತದೆ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರುಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಇದನ್ನು ಇಲ್ಲಿ ವಿವರಿಸಲಾಗಿದೆ.

1. ಬಫರ್‌ನ ಅಳತೆ

ಕಣ್ಣಿಗೆ ಕಾಣುವ ಅಕ್ಷರಗಳ ಸಂಖ್ಯೆಯೂ ಯೂನಿಕೋಡ್ ಸಂಕೇತಗಳ ಸಂಖ್ಯೆಯೂ ಒಂದೇ ಅಲ್ಲ. ‘ಚನ್ನಗಿರಿ’ ಎಂಬಲ್ಲಿ ಅಕ್ಷರಗಳು 4, ಸಂಕೇತಗಳು 8. ‘ಹೊನ್ನಾಳಿ’ಯಲ್ಲಿ ಅಕ್ಷರಗಳು 3, ಸಂಕೇತಗಳು 8, ‘ನ್ಯಾಮತಿ’ಯಲ್ಲಿ 3 ಮತ್ತು 7, ‘ಜಗಳೂರು’ ಎಂಬಲ್ಲಿ 4 ಮತ್ತು 6. ‘ಚನ್ನಗಿರಿ’ಗೆ ಯುಟಿಎಫ್-16ರಲ್ಲಿ 16 ಬೈಟ್, ಯುಟಿಎಫ್-8ರಲ್ಲಿ 24 ಬೈಟ್ ಬೇಕು, ಅಂತ್ಯಸೂಚಕಕ್ಕೆ ಪ್ರತ್ಯೇಕ ಸ್ಥಳ ಬೇಕು. ವಿಂಡೋಸ್‌ನ ‘ಮಲ್ಟಿಬೈಟ್‌ಟುವೈಡ್‌ಕ್ಯಾರ್’ ಫಂಕ್ಷನ್ ಒಳಬರುವ ಪಠ್ಯವನ್ನು ಬೈಟ್‌ಗಳಲ್ಲಿಯೂ ಹೊರಹೋಗುವ ಪಠ್ಯವನ್ನು ಸಂಕೇತಗಳಲ್ಲಿಯೂ ಅಳೆಯುತ್ತದೆ. ಈ ಎರಡನ್ನು ಅದಲುಬದಲು ಮಾಡಿದಲ್ಲಿ ಬಫರ್ ಮೀರಿ ಬರೆಯಲ್ಪಟ್ಟು, ಪಕ್ಕದ ಮೆಮೊರಿ ಕೆಡುತ್ತದೆ, ದಾಳಿಕೋರರಿಗೂ ದಾರಿಯಾಗುತ್ತದೆ.

2. ಲಿಪಿ ಪರಿವರ್ತನೆ

ಸಿ-ಶಾರ್ಪ್ ಭಾಷೆಯಲ್ಲಿ ‘ಡಿಎಲ್‌ಎಲ್‌ಇಂಪೋರ್ಟ್’ ಘೋಷಣೆಯ ಪೂರ್ವನಿಗದಿತ ಅಕ್ಷರ ಸಮೂಹವು ಆನ್ಸಿ ಆಗಿರುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಸಂಕೇತ ಪುಟವಿಲ್ಲ. ಆದ ಕಾರಣ ಇಂಗ್ಲಿಷ್ ಸಂಕೇತ ಪುಟವಿರುವ ಗಣಕದಲ್ಲಿ ‘ಚನ್ನಗಿರಿ’ಯೂ ‘ಹೊನ್ನಾಳಿ’ಯೂ ತಲಾ ಎಂಟು ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾರ್ಪಟ್ಟು, ಹೋಲಿಕೆಯಲ್ಲಿ ಒಂದೇ ಎಂದು ತೋರುತ್ತವೆ. ಖಾತೆದಾರರ ಹೆಸರುಗಳಿಗೆ ಹೀಗಾದಲ್ಲಿ ಒಬ್ಬರ ದಾಖಲೆ ಇನ್ನೊಬ್ಬರದೆಂದು ಅಂಗೀಕೃತವಾಗುವ ಅಪಾಯವಿದೆ. ಆದ್ದರಿಂದ ಯೂನಿಕೋಡ್ ಎಂದು ಸ್ಪಷ್ಟವಾಗಿ ಘೋಷಿಸತಕ್ಕದ್ದು. ಹಳೆಯ ಆನ್ಸಿ ಫಂಕ್ಷನ್ ಅನಿವಾರ್ಯವಾದಲ್ಲಿ ‘ಬೆಸ್ಟ್‌ಫಿಟ್‌ಮ್ಯಾಪಿಂಗ್’ ನಿಲ್ಲಿಸಿ, ‘ಥ್ರೋಆನ್‌ಅನ್‌ಮ್ಯಾಪಬಲ್‌ಕ್ಯಾರ್’ ಆಯ್ಕೆಯನ್ನು ಚಾಲನೆಗೊಳಿಸತಕ್ಕದ್ದು. ಆಗ ತಪ್ಪು ಮರೆಯಾಗದೆ ದೋಷಸೂಚನೆಯಾಗಿ ಹೊರಬರುತ್ತದೆ.

3. ಡಿಎಲ್‌ಎಲ್ ಇರುವ ಸ್ಥಳ

ಕೇವಲ ಕಡತದ ಹೆಸರನ್ನು ನೀಡಿದಲ್ಲಿ ವಿಂಡೋಸ್ ಹಲವು ಫೋಲ್ಡರ್‌ಗಳಲ್ಲಿ ಹುಡುಕುತ್ತದೆ. ಎಲ್ಲರೂ ಬರೆಯಬಹುದಾದ ಫೋಲ್ಡರ್‌ನಲ್ಲಿ ಅದೇ ಹೆಸರಿನ ನಕಲಿ ಕಡತವಿದ್ದರೆ ಅದೇ ಚಾಲನೆಗೊಳ್ಳಬಹುದು. ‘ಡಿಫಾಲ್ಟ್‌ಡಿಎಲ್‌ಎಲ್‌ಇಂಪೋರ್ಟ್‌ಸರ್ಚ್‌ಪಾತ್ಸ್’ ಮೂಲಕ ಹುಡುಕಾಟವನ್ನು ಸೀಮಿತಗೊಳಿಸತಕ್ಕದ್ದು.

4. ಹ್ಯಾಂಡಲ್‌ಗಳ ರಕ್ಷಣೆ

ಸಾಧನದ ಹ್ಯಾಂಡಲ್ ಅನ್ನು ಬರಿಯ ಸಂಖ್ಯೆಯಾಗಿ ಇಟ್ಟುಕೊಂಡಲ್ಲಿ, ಮುಚ್ಚಿದ ನಂತರ ಅದೇ ಸಂಖ್ಯೆ ಬೇರೊಂದು ಸಂಪನ್ಮೂಲಕ್ಕೆ ದೊರೆಯಬಹುದು. ಡಾಟ್‌ನೆಟ್ 2.0 ಆವೃತ್ತಿಯಿಂದ ಲಭ್ಯವಿರುವ ‘ಸೇಫ್‌ಹ್ಯಾಂಡಲ್’ ಇದನ್ನು ತಡೆಯುತ್ತದೆ.

5. ಅನುಮತಿ ತಪಾಸಣೆ

ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಕರೆಯುವ ಕೋಡ್‌ಗೆ ಅನುಮತಿಯಿದೆಯೇ ಎಂದು ರನ್‌ಟೈಮ್ ಪರಿಶೀಲಿಸುತ್ತಿತ್ತು. ವೇಗಕ್ಕಾಗಿ ಇದನ್ನು ಕೈಬಿಡುವ ಸೌಲಭ್ಯವೂ ಇತ್ತು. ಡಾಟ್‌ನೆಟ್ ಕೋರ್ ಮತ್ತು ನಂತರದ ಆವೃತ್ತಿಗಳಲ್ಲಿ ಈ ಪರಿಶೀಲನೆಯೇ ಇಲ್ಲ. ಆದುದರಿಂದ ತಂತ್ರಾಂಶವನ್ನು ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ನಡೆಸದೆ, ಕನಿಷ್ಠ ಅಧಿಕಾರದ ಖಾತೆಯಲ್ಲಿಯೇ ನಡೆಸತಕ್ಕದ್ದು.

ಸೂಚನೆ

ಹೊಸ ತಂತ್ರಾಂಶವನ್ನು ಬಳಕೆಗೆ ತರುವ ಮುನ್ನ ಒತ್ತಕ್ಷರಗಳಿರುವ ಉದ್ದನೆಯ ಕನ್ನಡ ಹೆಸರುಗಳಿಂದಲೇ ಪರೀಕ್ಷಿಸುವುದು ಅವಶ್ಯಕ. ಇಂಗ್ಲಿಷ್ ಹೆಸರುಗಳಿಂದ ಮಾತ್ರ ನಡೆಸಿದ ಪರೀಕ್ಷೆಯಲ್ಲಿ ಮೇಲ್ಕಂಡ ಮೊದಲೆರಡು ದೋಷಗಳು ಗೋಚರಿಸದಿರಬಹುದು.